ಅಂಗಳದಲ್ಲಿ ನಿಂತ ಸರ್ಕಾರ

ಸಂವಿಧಾನ ಎಂಬ ಮಾತು ಬಂದಾಗಲೆಲ್ಲ ನಮ್ಮ ಮನೆಯ ಗಂಡಸರು ಕೂತಲ್ಲೇ ಸ್ವಲ್ಪ ನೆಟ್ಟಗಾಗುತ್ತಾರೆ. ಆಮೇಲೆ ದೊಡ್ಡ ದೊಡ್ಡ ಮಾತು ಶುರು. ಅಧಿಕಾರ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ನಿಲ್ಲಬೇಕು, ನಿಲ್ಲಿಸುವವರು ಯಾರು ಎಂದು ಕಾಫಿ ಆರುವ ತನಕ ಚರ್ಚೆ. ನಾನು ಒಳಗೆ ಕೂತು ಕೇಳುತ್ತೇನೆ. ಹಳ್ಳಿ ಶಾಲೆಯ ಆಚೆ ಓದಿದವಳಲ್ಲವಾದ್ದರಿಂದ ನನ್ನ ಅಭಿಪ್ರಾಯ ಯಾರಿಗೂ ಬೇಕಾಗಿಲ್ಲ. ಕೇಳಿದರೂ ಹೇಳುವ ತಾಳ್ಮೆ ನನಗಿಲ್ಲ. ಬರೆಯುವುದಾದರೆ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸರ್ಕಾರದ ಕೈ ಎಲ್ಲಿಯ ತನಕ ಬರಬಹುದು ಎಂಬ ಪ್ರಶ್ನೆಗೆ ನಮ್ಮೂರಿನಲ್ಲಿ ಒಂದು ಉತ್ತರ ಇತ್ತು. ಒಂದು ಬೆಳಿಗ್ಗೆ ಆ ಉತ್ತರ ಸುಳ್ಳಾಯಿತು. ಅದರಲ್ಲಿ ನನ್ನ ಗೆಳತಿಯ ಕೂಸು ಹೋಯಿತು. ಅಪ್ಪಯ್ಯ ಆಮೇಲೆ ಬದುಕಿದ್ದರೂ ಮೊದಲಿನ ಅಪ್ಪಯ್ಯ ಆಗಿ ಉಳಿಯಲಿಲ್ಲ.

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆ ಬಿಟ್ಟು ಗದ್ದೆಗಳ ನಡುವಿನ ಗಾಡಿ ಜಾಡಿನಲ್ಲಿ ಒಳಗೆ ನಡೆದರೆ ನಮ್ಮೂರು. ಅಪ್ಪಯ್ಯ ಅಲ್ಲಿನ ಪಟೇಲರು. ಅವರ ಅಪ್ಪನೂ ಪಟೇಲ, ಅಜ್ಜನೂ ಪಟೇಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಕರಿ ಕೋಟು ತೊಟ್ಟು ಹೊರಟರೆಂದರೆ ಊರಿಗೆ ಅವರೇ ಸರ್ಕಾರ. ಕಂದಾಯ ಎತ್ತುವುದು, ಬೇಲಿ ಜಗಳ ಬಿಡಿಸುವುದು, ಹುಟ್ಟು ಸಾವು ಬರೆಸುವುದು ಎಲ್ಲ ಅವರದೇ. ಮನೆಯಲ್ಲಿ ಮಾತ್ರ ನಮ್ಮವ್ವನ ದರ್ಬಾರು. ಉಪ್ಪಿನಕಾಯಿ ಜಾಡಿ ಮುಟ್ಟಬೇಕಾದರೂ ಪಟೇಲರು ಅಪ್ಪಣೆ ಕೇಳಬೇಕಿತ್ತು.

ನಮ್ಮೂರಿನಲ್ಲಿ ಹಿಂದಿನಿಂದ ಒಂದು ನಡಾವಳಿ ಇತ್ತು. ಎಂಥ ಅಧಿಕಾರಿ ಬಂದರೂ ನೇರವಾಗಿ ಯಾರ ಮನೆಯನ್ನೂ ಹತ್ತುವಂತಿರಲಿಲ್ಲ. ಪಟೇಲರು ಮುಂದೆ ಹೋಗಿ ಅಂಗಳದಲ್ಲಿ ನಿಂತು, "ಮನೆಯವರೇ, ಸರ್ಕಾರ ಬಂದಿದೆ" ಎಂದು ಕೂಗಬೇಕು. ಒಳಗಿನಿಂದ "ಬನ್ನಿ" ಎಂದು ಬರಬೇಕು. ಆಮೇಲೇ ಜಗಲಿಗೆ ಕಾಲು. ಈ ಕೂಗಿನ ವಿಷಯದಲ್ಲಿ ಅಪ್ಪಯ್ಯನಿಗೆ ಇದ್ದ ಅಭಿಮಾನ ಹೇಳತೀರದು. ಮಹಾರಾಜರೇ ಬಂದರೂ ಕೂಗಿಯೇ ಹತ್ತಬೇಕು, ಅಂಗಳದ ತನಕ ಸರ್ಕಾರದ್ದು, ಜಗಲಿಯಿಂದ ಒಳಗೆ ಮನೆಯವರದ್ದು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಕೂಗು ಅಪ್ಪಣೆ ಕೇಳುವ ಕೂಗು ಎಂದು ಅವರು ನಂಬಿದ್ದರು. ಊರೂ ನಂಬಿತ್ತು. ಯಾರಾದರೂ "ಬರಬೇಡಿ" ಎಂದರೆ ಏನು ಮಾಡುವುದು ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ, ಏಕೆಂದರೆ ಅಲ್ಲಿಯ ತನಕ ಯಾರೂ ಹಾಗೆ ಅಂದವರಿಲ್ಲ.

ಎರಡನೇ ಮಹಾಯುದ್ಧ ಶುರುವಾಗಿ ಕೆಲವು ವರ್ಷ ಕಳೆದ ಮೇಲೆ ಪೇಟೆಗೆ ರೇಷನ್ ಬಂತು, ಹಳ್ಳಿಗೆ ಲೆವಿ ಬಂತು. ಬೆಳೆದವರು ಊಟಕ್ಕೆ, ಬಿತ್ತನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಭತ್ತವನ್ನು ಸರ್ಕಾರ ಹೇಳಿದ ದರಕ್ಕೆ ಸರ್ಕಾರಕ್ಕೇ ಕೊಡಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಪೇಟೆಯವರಿಗೂ ಹೊಟ್ಟೆ ಇದೆಯಲ್ಲ. ಆದರೆ ನಮ್ಮ ಕಡೆಗೆ ಬರುತ್ತಿದ್ದ ಅಧಿಕಾರಿ ಗದ್ದೆಯಲ್ಲಿ ತೆನೆ ನಿಂತಿರುವಾಗಲೇ ರಸ್ತೆಯಿಂದ ನೋಡಿ ಇಷ್ಟು ಭತ್ತ ಆಗುತ್ತದೆ ಎಂದು ಅಂದಾಜು ಹಾಕುತ್ತಿದ್ದ. ಅಂದಾಜು ಹೆಚ್ಚಾಯಿತು ಎಂದು ಅರ್ಜಿ ಕೊಟ್ಟರೆ ಅದನ್ನು ವಿಚಾರಿಸುವವನೂ ಅವನೇ. ಬಚ್ಚಿಟ್ಟದ್ದು ಸಿಕ್ಕಿದರೆ ದಂಡ ಹಾಕುವವನೂ ಅವನೇ. ಒಂದೇ ಮದುವೆಯಲ್ಲಿ ಗಂಡಿನ ಕಡೆ, ಹೆಣ್ಣಿನ ಕಡೆ, ಪುರೋಹಿತ ಮೂವರೂ ಒಬ್ಬನೇ ಆದ ಹಾಗೆ. ಊರಿನವರು ಅವನನ್ನು ಲೆವಿ ಸಾಹೇಬ ಎನ್ನುತ್ತಿದ್ದರು. ಅವನ ಕಚೇರಿ ಯಾವುದು ಎಂದು ಹೇಳುವುದಿಲ್ಲ, ಅವನಿಗೂ ಮೊಮ್ಮಕ್ಕಳಿದ್ದಾರು.

ಭತ್ತ ಬಚ್ಚಿಡುವುದರಲ್ಲಿ ನಮ್ಮವರೂ ಕಡಿಮೆಯವರಲ್ಲ. ಹುಲ್ಲಿನ ಬಣವೆಯೊಳಗೆ ಇಟ್ಟರು, ಗೊಬ್ಬರದ ಗುಂಡಿಯ ಮೇಲೆ ಹಲಗೆ ಹಾಕಿ ಇಟ್ಟರು, ಕೊನೆಗೆ ಬಾಣಂತಿ ಕೋಣೆಯಲ್ಲಿ ಇಟ್ಟರು. ಬಾಣಂತಿ ಕೋಣೆ ಎಂದರೆ ಗಂಡಸರು ಇಣುಕುವ ಜಾಗವಲ್ಲ. ನಮ್ಮ ಜನರಲ್ಲಿ ಪುರುಡಿನ ಮೈಲಿಗೆ ಎಂಬುದಿಲ್ಲ, ಉಳಿದ ಒಕ್ಕಲು ಮನೆಗಳಲ್ಲಿ ಇದೆ. ಆದರೆ ಆ ಬಾಗಿಲು ದಾಟಬಾರದು ಎಂಬುದು ಎಲ್ಲರಲ್ಲೂ ಒಂದೇ. ಹಗ್ಗದ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಬಾಣಂತಿಯ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಗಾಳಿ ನುಸುಳದ ಹಾಗೆ ಮುಚ್ಚಿದ ಬಾಗಿಲು. ಗಂಡನಾದವನೂ ಹೊರಗೇ ನಿಂತು ಕೂಸಿನ ಅಳು ಕೇಳಿ ಹೋಗಬೇಕು.

ಹತ್ತಿರದ ಒಂದು ಊರಿನಲ್ಲಿ ಈ ಉಪಾಯ ತೀರಾ ಅತಿಗೆ ಹೋಯಿತು. ಆ ಮನೆಯಲ್ಲಿ ಬಾಣಂತಿಯೇ ಇರಲಿಲ್ಲ. ಗಟ್ಟಿಮುಟ್ಟಾದ ಒಬ್ಬ ಅತ್ತೆಯನ್ನೇ ತಲೆಗೆ ಬಟ್ಟೆ ಕಟ್ಟಿ ಮಲಗಿಸಿ, ಪಕ್ಕದಲ್ಲಿ ಹಳೇ ಸೀರೆಯ ಗಂಟೊಂದನ್ನು ಕೂಸಿನ ಹಾಗೆ ಸುತ್ತಿ ಇಟ್ಟರು. ಲೆವಿ ಸಾಹೇಬ ಬಾಗಿಲ ತನಕ ಬಂದು, ಮರ್ಯಾದೆಯಿಂದ ತಲೆ ತಗ್ಗಿಸಿ ವಾಪಸು ಹೋದ. ಸುದ್ದಿ ಕೊಪ್ಪದ ಸಂತೆಗೆ ಹೋಯಿತು, ಹಿರೇಕೊಡಿಗೆಗೆ ಹೋಯಿತು, ಕೊನೆಗೆ ಅವನ ಕಚೇರಿಯ ಜವಾನರ ಬಾಯಿಗೂ ಹೋಯಿತು. ಗಂಟಿಗೆ ನಾಮಕರಣ ಯಾವಾಗ ಎಂದು ಜನ ಕೇಳಿಕೊಂಡು ನಕ್ಕರು. ನಾವೂ ನಕ್ಕೆವು. ಆರು ತಿಂಗಳ ಹೊಟ್ಟೆ ಹೊತ್ತುಕೊಂಡು ತವರಿಗೆ ಬಂದಿದ್ದ ನಾನು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಿದ್ದೆ. ಹಾಗೆ ನಗೆಪಾಟಲಾದವನು ಮುಂದೆ ಇನ್ನೊಂದು ಊರಿಗೆ ಬಂದೇ ಬರುತ್ತಾನೆ ಎಂದು ನಗುವಾಗ ನಮಗೆ ಹೊಳೆಯಲಿಲ್ಲ.

ಅವನು ಬಂದದ್ದು ನಮ್ಮೂರಿಗೇ.

ನಮ್ಮ ಮನೆಯ ಎದುರಿನ ಗದ್ದೆಯ ಆಚೆ ನನ್ನ ಗೆಳತಿಯ ತವರು. ಅವಳೂ ನಾನೂ ಒಟ್ಟಿಗೆ ಶಾಲೆ ಕಲಿತವರು, ಒಟ್ಟಿಗೆ ಶಾಲೆ ಬಿಟ್ಟವರು. ಅವಳನ್ನು ಕಿಗ್ಗದ ಆಚೆ ಸಿರಿಮನೆಗೆ ಕೊಟ್ಟಿದ್ದರು, ನನ್ನನ್ನು ಶೃಂಗೇರಿಯ ಶಾಲಾ ಮಾಸ್ತರರಿಗೆ. ಚೊಚ್ಚಲ ಹೆರಿಗೆಗೆ ಇಬ್ಬರೂ ಅದೇ ವರ್ಷ ತವರಿಗೆ ಬಂದೆವು. ಅವಳಿಗೆ ನನಗಿಂತ ಮೊದಲು ಹೆರಿಗೆಯಾಯಿತು, ಗಂಡು ಕೂಸು. ಅವಳ ತಾಯಿ ಗಂಡನನ್ನು ಕಳೆದುಕೊಂಡವರು, ಆಳುಗಳನ್ನಿಟ್ಟುಕೊಂಡು ತಾವೇ ಗದ್ದೆ ಮಾಡಿಸುತ್ತಿದ್ದರು. ಆಳುಗಳಿಗೆ ಕೂಲಿ ಭತ್ತದಲ್ಲೇ. ಸಾಹೇಬನ ಅಂದಾಜಿನ ಪ್ರಕಾರ ಅಳೆದುಕೊಟ್ಟರೆ ಕೂಲಿಗೂ ಇಲ್ಲ, ಬಿತ್ತನೆಗೂ ಇಲ್ಲ. ಅವರು ಅರ್ಜಿ ಕೊಟ್ಟರು. ಅರ್ಜಿ ನೋಡಿದವನು ತನ್ನ ಅಂದಾಜು ಸರಿಯಾಗಿದೆ ಎಂದ. ಆಮೇಲೆ ಅವರು ಹುಲ್ಲಿನಲ್ಲಿ ಬಿಗಿದು ಕಟ್ಟಿದ ಬಿತ್ತನೆ ಭತ್ತದ ಮುಡಿಗಳನ್ನು ಮಗಳ ಕೋಣೆಯ ಗೋಡೆಗೆ ಒತ್ತಿ ಇಟ್ಟು ಕಂಬಳಿ ಮುಚ್ಚಿದರು. ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಅಪ್ಪಯ್ಯನಿಗೂ ಗೊತ್ತಿತ್ತು ಎಂದೇ ನನ್ನ ಲೆಕ್ಕ, ಆದರೆ ಅವರು ಗೊತ್ತಿಲ್ಲದವರ ಹಾಗೆ ಇದ್ದರು.

ಆ ಬೆಳಿಗ್ಗೆ ನಡೆದದ್ದನ್ನು ನಾನು ಕಣ್ಣಾರೆ ಕಂಡವಳಲ್ಲ. ಕರಿಮೆಣಸಿನ ಕಷಾಯ ತೆಗೆದುಕೊಂಡು ಆ ಮನೆಗೆ ಹೋಗಿದ್ದ ನಮ್ಮವ್ವ ಎಲ್ಲವನ್ನೂ ನೋಡಿದ್ದಳು. ಪುಷ್ಯ ಮಾಸದ ಚಳಿ, ಗದ್ದೆಯ ಮೇಲೆ ಇಬ್ಬನಿ ಇನ್ನೂ ಎದ್ದಿರಲಿಲ್ಲ. ಸಾಹೇಬ, ಇಬ್ಬರು ಜವಾನರು, ತಳವಾರ, ಮುಂದೆ ಅಪ್ಪಯ್ಯ. ಅಪ್ಪಯ್ಯ ಅಂಗಳದಲ್ಲಿ ನಿಂತು ಎಂದಿನ ಹಾಗೆ ಕೂಗಿದರು. ಗೆಳತಿಯ ತಾಯಿ ಜಗಲಿಗೆ ಬಂದರು, ಬಾಯಿಂದ ಮಾತೇ ಹೊರಡಲಿಲ್ಲ. ಮಾತು ಬಂದದ್ದು ಒಳಗಿನಿಂದ, ಹೊರಗಿನವರಿಗೆ ದನಿ ಕೇಳಿಸಬಾರದ ಬಾಣಂತಿಯಿಂದ.

"ಬರಬೇಡಿ ಪಟೇಲಯ್ಯ. ನಾನು ಕೂಸು ಹಾಕ್ಕಂಡು ಮಲಗಿದೀನಿ."

ಅಪ್ಪಯ್ಯ ಸಾಹೇಬನ ಮುಖ ನೋಡಿದರಂತೆ. ಸಾಹೇಬ ಅವರ ಮುಖ ನೋಡಿದನಂತೆ. ಕೂಗಿಗೆ ಇಂಥ ಉತ್ತರ ಬಂದರೆ ಮುಂದೇನು ಎಂದು ಇಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಸಾಹೇಬ ಬೇಗ ಸುಧಾರಿಸಿಕೊಂಡ. ಸೀರೆ ಗಂಟಿನ ಕತೆ ಅವನ ತಲೆಯಲ್ಲಿ ಇನ್ನೂ ಕುದಿಯುತ್ತಿತ್ತು. ತನ್ನ ಜನ ಬಾಣಂತಿಯನ್ನು ಮುಟ್ಟುವುದಿಲ್ಲ, ಅವಳೇ ಕೂಸನ್ನೆತ್ತಿಕೊಂಡು ಸ್ವಲ್ಪ ಹೊತ್ತು ಹೊರಗೆ ಬಂದು ಕೂತರೆ ಸಾಕು, ನೋಡಿ ಹೋಗುತ್ತೇವೆ ಎಂದ. ಒರಟಾಗಿ ಹೇಳಲಿಲ್ಲ. ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಅಪ್ಪಯ್ಯ ನೆಲ ನೋಡುತ್ತ ನಿಂತರು.

ಅವಳು ಬಂದಳು. ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎದೆಗೆ ಅವಚಿಕೊಂಡು, ಹಸಿ ಮೈಯಲ್ಲಿ ಅಂಗಳದ ಮೂಲೆಯಲ್ಲಿ ಕೂತಳು. ಮುಡಿಗಳು ಹೊರಗೆ ಬಂದವು. ಅಷ್ಟಕ್ಕೇ ಮುಗಿದಿದ್ದರೆ ಏನಾಗುತ್ತಿತ್ತೋ. ಇಷ್ಟು ಸಿಕ್ಕಿದ ಮೇಲೆ ನೆಲದೊಳಗೂ ಇರಬಹುದು ಎಂದು ಸಾಹೇಬನಿಗೆ ಅನುಮಾನ ಬಂತು. ಮಂಚ ಎತ್ತಿಸಿದ, ಅಗ್ಗಿಷ್ಟಿಕೆಗೆ ನೀರು ಹೊಯ್ಯಿಸಿದ, ಮಣ್ಣಿನ ನೆಲವನ್ನು ಹಾರೆಯಿಂದ ಚುಚ್ಚಿಸಿದ. ನೆಲದಲ್ಲಿ ಏನೂ ಇರಲಿಲ್ಲ. ಅವಳು ಒಳಗೆ ಹೋಗುವಾಗ ಕೋಣೆ ಗುದ್ದಲಿ ಹಾಕಿದ ಹಿತ್ತಲಾಗಿತ್ತು, ತಣ್ಣಗೆ.

ಕೂಸಿಗೆ ಅದೇ ರಾತ್ರಿ ಎದೆ ಕಟ್ಟಿತು. ನಮ್ಮವ್ವ ಹೋಗಿ ಬೆಳ್ಳುಳ್ಳಿ ಎಣ್ಣೆ ಕಾಸಿ ತಿಕ್ಕಿದಳು, ಎಲೆ ಬಿಸಿ ಮಾಡಿ ಕಾವು ಕೊಟ್ಟಳು, ನರಸಿಂಹರಾಜಪುರದಿಂದ ಡಾಕ್ಟರನ್ನು ಕರೆಸಲು ಗಾಡಿ ಕಳಿಸಿದ್ದೂ ಆಯಿತು. ಗಾಡಿ ಬರುವಷ್ಟರಲ್ಲಿ ಕೂಸು ಹೋಗಿತ್ತು. ಚಳಿಯಿಂದಲೇ ಹೋಯಿತು ಎಂದು ನಾನು ಹೇಗೆ ಹೇಳಲಿ. ಆ ಕಾಲದಲ್ಲಿ ಬೆಚ್ಚಗೆ ಮಲಗಿದ ಎಷ್ಟೋ ಕೂಸುಗಳೂ ಹೋಗುತ್ತಿದ್ದವು. ಆದರೆ ನನಗೆ ಅನುಮಾನ ಇಲ್ಲ. ನನಗೆ ಹೋಗಿ ಅವಳನ್ನು ನೋಡಬೇಕು ಎನ್ನಿಸಿತು. ಬಸುರಿ ಅಂಥ ಮನೆಗೆ ಹೋಗಬಾರದು ಎಂದು ಅವ್ವ ಬಿಡಲಿಲ್ಲ. ಜಗಲಿಯಲ್ಲಿ ಕೂತು ಗದ್ದೆಯಾಚೆಯ ಆ ಮನೆಯನ್ನೇ ನೋಡುತ್ತ ಅತ್ತೆ.

ಊರು ಏನೆಂದಿತು ಎಂಬುದನ್ನೂ ಬರೆಯಬೇಕು. ಪಾಪ ಎಂದರು. ಆದರೆ ಮುಡಿ ಇಟ್ಟದ್ದು ತಪ್ಪಲ್ಲವೇ ಎಂದೂ ಅಂದರು. ತಮ್ಮ ತಮ್ಮ ಬಣವೆಯಲ್ಲಿ ಭತ್ತ ಇಟ್ಟುಕೊಂಡವರೇ ಹಾಗೆಂದರು. ಅವರ ಮೇಲೆ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ತಪ್ಪಿಲ್ಲದವರ ಬಾಗಿಲನ್ನು ಯಾರಾದರೂ ಗೌರವಿಸುತ್ತಾರೆ, ಅದಕ್ಕೆ ಕಟ್ಟಳೆ ಏಕೆ ಬೇಕು?

ಅಪ್ಪಯ್ಯ ಕೆಲವು ದಿನ ಊಟ ಬಿಟ್ಟ ಹಾಗೆ ಮಾಡಿದರು. ನಮ್ಮವ್ವ ಅವರ ಹತ್ತಿರ ಜಾಸ್ತಿ ಮಾತಾಡಲಿಲ್ಲ. ಬರಬೇಡಿ ಎಂದ ಮೇಲೂ ಹೋಗುವುದಾದರೆ ಕೂಗುವುದು ಏತಕ್ಕೆ ಎಂದು ಒಮ್ಮೆ ಕೇಳಿದಳು, ಅಷ್ಟೆ. ಅವರು ಶಾನುಭೋಗರನ್ನು ಕೂರಿಸಿಕೊಂಡು ಮೇಲಿನವರಿಗೆ ಒಂದು ಅರ್ಜಿ ಬರೆಸಿದರು. ಸಾಹೇಬ ಮಿತಿ ಮೀರಿ ನಡೆದಿದ್ದಾನೆ, ಬಾಣಂತಿಯನ್ನು ಹೊರಗೆ ಕೂರಿಸುವ ಅಧಿಕಾರ ಯಾವ ಹುಕುಮಿನಲ್ಲೂ ಇಲ್ಲ ಎಂದು. ಅರ್ಜಿ ದೊಡ್ಡ ಕಚೇರಿಗೆ ಹೋಯಿತು. ಅಲ್ಲಿಂದ ಇಳಿದು ಇಳಿದು, ವಿಚಾರಿಸಿ ವರದಿ ಮಾಡುವುದು ಎಂಬ ಷರಾದೊಂದಿಗೆ ಅದೇ ಸಾಹೇಬನ ಕೈಗೆ ಬಂತು.

ಹೀಗೆ ಅವನು ತನ್ನ ಮೇಲಿನ ದೂರನ್ನು ತಾನೇ ವಿಚಾರಿಸಲು ಮತ್ತೆ ನಮ್ಮೂರಿಗೆ ಬಂದ. ಬಂದದ್ದೇ ಬಂದೆ ಎಂದು ಲೆವಿಯ ಎರಡನೇ ಸುತ್ತನ್ನೂ ಮುಗಿಸಿದ. ಅಷ್ಟರಲ್ಲಿ ನನಗೆ ಹೆರಿಗೆಯಾಗಿತ್ತು, ಹೆಣ್ಣು. ನಾನು ಒಳಕೋಣೆಯಲ್ಲಿ ಕೆಂಡದ ಮೇಲಿನ ಮಂಚದಲ್ಲಿ ಬೆವರುತ್ತ ಮಲಗಿದ್ದೆ. ಊರಿನ ಮನೆಗಳನ್ನೆಲ್ಲ ನೋಡಿ ಆದ ಮೇಲೆ ಅವನು ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿದ. ಅರ್ಜಿಯ ಬಗ್ಗೆ ನಗುನಗುತ್ತಲೇ ಮಾತಾಡಿದ, ಪಟೇಲರಿಗೆ ದುಃಖದಲ್ಲಿ ಏನೋ ಬರೆಸಬೇಕು ಅನ್ನಿಸಿದೆ, ತನಗೆ ಬೇಸರವಿಲ್ಲ ಎಂದ. ಹೊರಡಲು ಎದ್ದಾಗ ಅಪ್ಪಯ್ಯ, ಈ ಮನೆಯೊಂದು ಉಳಿಯಿತಲ್ಲ ಎಂದರು. ಪಟೇಲರ ಮನೆಯಲ್ಲಿ ನೋಡುವುದೇನಿದೆ ಎಂದು ಅವನು ಕೈಯಾಡಿಸಿದ.

ಆಗ ಅಪ್ಪಯ್ಯ ಜಗಲಿಯಿಂದ ಇಳಿದರು. ಬಾಗಿಲಿನ ಸಂದಿಯಿಂದ ಅವ್ವ ನೋಡುತ್ತಿದ್ದಳು. ಕೋಟಿನ ಗುಂಡಿ ಹಾಕಿಕೊಂಡು ಸ್ವಂತ ಮನೆಯ ಅಂಗಳದಲ್ಲಿ ನಿಂತು, "ಮನೆಯವರೇ, ಸರ್ಕಾರ ಬಂದಿದೆ" ಎಂದು ಕೂಗಿದರು. ಸಾಹೇಬನಿಗೆ ದಿಗಿಲಾಯಿತು. ಅಪ್ಪಯ್ಯ ಬಿಡಲಿಲ್ಲ. ಎಲ್ಲ ಮನೆಗೂ ಒಂದೇ ಕ್ರಮ, ನನ್ನ ಮಗಳೂ ಬಾಣಂತಿ, ಅವಳೂ ಹೊರಗೆ ಬರುತ್ತಾಳೆ, ಕೋಣೆ ನೋಡಿಯೇ ಹೋಗಬೇಕು ಎಂದು ಹಟ ಹಿಡಿದರು.

ನನಗೆ ಮೈಯೆಲ್ಲ ಉರಿಯಿತು. ಆ ದಿನ ಗದ್ದೆಯಾಚೆ ಒಂದು ಬಾಗಿಲನ್ನು ಕಾಯದವರು ಇವತ್ತು ಲೆಕ್ಕ ಸರಿ ಮಾಡಲು ನನ್ನ ಬಾಗಿಲನ್ನು ತೆಗೆದುಕೊಡುತ್ತಿದ್ದಾರೆ. ಅವಳ ಕೂಸಿಗೆ ಆದ ಅನ್ಯಾಯ ನನ್ನ ಕೂಸನ್ನು ಗಾಳಿಗೆ ಹಿಡಿದರೆ ತೀರುತ್ತದೆಯೇ? ನ್ಯಾಯ ಮಾಡಲು ಹೊರಟ ಗಂಡಸರ ಕೈಗೆ ಯಾವಾಗಲೂ ಸಿಗುವುದು ಮನೆಯ ಹೆಣ್ಣುಮಕ್ಕಳೇ. ಅವ್ವ ಕೈಯಲ್ಲಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದಂತೆಯೇ ನಾನು ಒಳಗಿನಿಂದ ಗಟ್ಟಿಯಾಗಿ, ಬರಬೇಡಿ ಅಪ್ಪಯ್ಯ ಎಂದೆ.

ಸಾಹೇಬ ತಕ್ಷಣ ಟೋಪಿ ಸರಿಮಾಡಿಕೊಂಡ. ಬಾಣಂತಿ ಬೇಡ ಅಂದ ಮೇಲೆ ಮುಗಿಯಿತು ಪಟೇಲರೇ, ನಾವೇನು ಮನುಷ್ಯರಲ್ಲವೇ ಎಂದು ಹೇಳಿ ಗಾಡಿ ಹತ್ತಿದ.

ನನ್ನ ಕೋಣೆಯಲ್ಲಿ ಭತ್ತ ಇತ್ತೇ ಎಂದು ಕೇಳಿದವರಿದ್ದಾರೆ. ಇರಲಿಲ್ಲ. ಇದ್ದಿದ್ದರೂ ನಾನು ಹೇಳುತ್ತಿದ್ದುದು ಅದೇ ಮಾತು. ಅವಳು ಹೇಳಿದ್ದೂ ಅದೇ ಮಾತು. ಅವಳ ಮಾತಿಗೆ ನೆಲ ಅಗೆದರು, ನನ್ನ ಮಾತಿಗೆ ಗಾಡಿ ಹತ್ತಿದರು. ಅವತ್ತು ಮಗಳನ್ನು ಎದೆಗೆ ಹಾಕಿಕೊಂಡು ನಾನು ಅತ್ತದ್ದು ಭಯಕ್ಕಲ್ಲ, ನನಗೆ ಸಿಕ್ಕಿದ್ದು ಪಟೇಲರ ಮಗಳಿಗೆ ಕೊಟ್ಟ ಮರ್ಯಾದೆ ಎಂದು ಗೊತ್ತಾಗಿ ನಾಚಿಕೆಗೆ. ಅಂಗಳದಲ್ಲಿ ಅಪ್ಪಯ್ಯ ಬಹಳ ಹೊತ್ತು ನಿಂತೇ ಇದ್ದರಂತೆ. ಒಳಗೆ ಬಾ ಎಂದು ಕರೆಯಲು ಅವ್ವನಿಗೂ ಮನಸ್ಸಾಗಲಿಲ್ಲ.

ಆಮೇಲೆ ಅವರು ಪಟೇಲಿಕೆ ಬಿಟ್ಟರು. ಚಿಕ್ಕಪ್ಪ ವಹಿಸಿಕೊಂಡರು. ಚಿಕ್ಕಪ್ಪನಿಗೆ ಕೂಗಿನ ಗೊಡವೆ ಇರಲಿಲ್ಲ, ಅಧಿಕಾರಿಗಳ ಜೊತೆ ನೇರವಾಗಿ ಜಗಲಿ ಹತ್ತುತ್ತಿದ್ದರು. ಅದರಿಂದ ಯಾರಿಗೂ ಬೇಜಾರಾದ ಹಾಗೆ ಕಾಣಲಿಲ್ಲ. ಗೆಳತಿ ಸಿರಿಮನೆಗೆ ಹೋದಳು. ಅವಳಿಗೆ ಮತ್ತೆ ಮಕ್ಕಳಾದವು, ಆದರೆ ಬಾಣಂತನಕ್ಕೆ ಅವಳು ತವರಿಗೆ ಬರಲಿಲ್ಲ. ನಾನು ಶೃಂಗೇರಿಯಲ್ಲಿ, ಅವಳು ಅಷ್ಟು ಹತ್ತಿರದಲ್ಲಿ, ಆದರೂ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸ್ವಾತಂತ್ರ್ಯ ಬಂತು. ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂತು ಎಂದು ನಮ್ಮ ಮಾಸ್ತರರು ಶಾಲೆಯ ಮಕ್ಕಳಿಗೆ ಕಲ್ಲುಸಕ್ಕರೆ ಹಂಚಿದರು. ದಿಲ್ಲಿಯಲ್ಲಿ ಸಂವಿಧಾನ ಬರೆಯುತ್ತಿದ್ದಾರೆ ಎಂದು ದಿನವೂ ಪೇಪರಿನಲ್ಲಿ ಬರುತ್ತಿತ್ತು. ಆ ಹೊತ್ತಿಗೆ ಅಪ್ಪಯ್ಯ ಉಬ್ಬಸ ಹೆಚ್ಚಾಗಿ ನಮ್ಮ ಮನೆಯಲ್ಲಿ ಬಂದು ಇದ್ದರು, ಹಗಲೆಲ್ಲ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಒಂದು ಸಂತೆಯ ದಿನ ಗೆಳತಿ ತಾನಾಗಿ ಬಂದಳು. ಅಪ್ಪಯ್ಯ ಅವಳನ್ನು ಕಂಡು ಎದ್ದು ನಿಂತರು. ಹಿರಿಯರು ಹಾಗೆ ಎದ್ದು ನಿಲ್ಲುವುದು ನಮ್ಮಲ್ಲಿಲ್ಲ. ಅವಳು ಕಾಲು ಮುಟ್ಟಿ ಒಳಗೆ ಬಂದಳು.

ಒಳಗೆ ನಮ್ಮ ಮಾಸ್ತರರು ಪೇಪರು ಹಿಡಿದು ಕೂತಿದ್ದರು. ಇನ್ನು ಮುಂದೆ ಸರ್ಕಾರ ಮಾಡಬಾರದ್ದು ಯಾವುದು ಎಂಬುದನ್ನೂ ಬರೆದಿಡುತ್ತಾರೆ, ಮೀರಿದರೆ ಕೋರ್ಟಿಗೆ ಹೋಗಬಹುದು ಎಂದು ಅವಳಿಗೆ ಬಹಳ ಉತ್ಸಾಹದಿಂದ ವಿವರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಒಳ್ಳೇದಾಯ್ತು, ಬರೀಲಿ ಎಂದಳು. ಅವರು ಎದ್ದು ಹೋದ ಮೇಲೆ, ಕಾಫಿ ಲೋಟ ಕೈಯಲ್ಲೇ ಹಿಡಿದುಕೊಂಡು, ನಾನು ಕೇಳದೇ ಇದ್ದರೂ ಹೇಳಿದಳು.

"ಆ ಸಾಹೇಬ ಕೇಳ್ತಿರ್ಲಿಲ್ಲ ಅಂತ ನಂಗೂ ಗೊತ್ತು ಮಾರಾಯ್ತಿ. ಕೂಸು ಹೋಗೋದು ಹೋಗ್ತಿತ್ತೇನೊ. ಆದ್ರೂ ಪಟೇಲಯ್ಯ ಒಂದ್ಸಲ ಬೇಡ ಅಂದಿದ್ರೆ, ಬೇಡ ಅಂದವಳು ನಾನೊಬ್ಬಳೇ ಅಂತ ಆಗ್ತಿರ್ಲಿಲ್ಲ."

ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಹೋಗುವಾಗಲೂ ಅಪ್ಪಯ್ಯನಿಗೆ ನಮಸ್ಕಾರ ಮಾಡಿದಳು. ಅವಳು ರಸ್ತೆ ತಿರುಗುವ ತನಕ ನೋಡಿ, ಅವರು ನನ್ನನ್ನು ಕರೆದು ಏನು ಹೇಳಿದಳು ಎಂದು ಕೇಳಿದರು. ಎಷ್ಟು ವರ್ಷದಿಂದ ಈ ಒಂದು ಮಾತಿಗಾಗಿ ಕಾದಿದ್ದಾರೆ ಎಂದು ಆ ಮುಖ ನೋಡಿದ ಮೇಲೆ ನನಗೆ ತಿಳಿಯಿತು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ.

ಅವರು ಬೆಂಚಿನ ಅಂಚು ಹಿಡಿದು ಉಸಿರು ಕೂಡಿಸಿಕೊಂಡು ಹೇಳಿದರು.

"ಬಾಯಿಗೆ ಬಂದಿತ್ತು ಮಗಾ. ಸರ್ಕಾರ ಬಂದಿದೆ ಅಂತ ಕೂಗಿದವ ನಾನು, ಸರ್ಕಾರಕ್ಕೆ ಬೇಡ ಅಂತ ನಾನೇ ಹ್ಯಾಗೆ ಹೇಳ್ಲಿ ಅಂದ್ಕಂಡು ಸುಮ್ನಾದೆ. ಅಲ್ಲಿ ಹೇಳೋಕೆ ಬೇರೆ ಯಾರಿದ್ರು?"

ಯಾರೂ ಇರಲಿಲ್ಲ ಅಪ್ಪಯ್ಯ ಎಂದೆ. ಸಮಾಧಾನಕ್ಕೆ ಇನ್ನೇನಾದರೂ ಹೇಳಬಹುದಿತ್ತು. ಅವರು ಸರಿ ಎಂಬಂತೆ ತಲೆ ಆಡಿಸಿ, ಹೆಗಲಿನ ಶಾಲನ್ನು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತರು.